ಕಣ್ಣಿನ ಕೆಳಗಿನ ಫಿಲ್ಲರ್ ಕೆಟ್ಟಾಗ: ಕರಗಿಸುವ, ಕಾಯುವ, ಮತ್ತೆ ತುಂಬುವ ಲೆಕ್ಕ

ಕಣ್ಣಿನ ಕೆಳಗೆ ಫಿಲ್ಲರ್ (ಗುಳಿ ತುಂಬಲು ಚುಚ್ಚುವ ಜೆಲ್‌ನಂಥ ವಸ್ತು) ಹಾಕಿಸಿಕೊಂಡು ಬೇಸರದಿಂದ ಬರುವವರು ಹೆಚ್ಚಾಗಿ ಕೇಳುವುದು ಒಂದೇ: "ಇನ್ನಾ ಸ್ವಲ್ಪ ಹಾಕಿ ಸಮ ಮಾಡ್ರಿ ಡಾಕ್ಟ್ರ." ಬೆಳಗಾವಿಯ ನನ್ನ ಚರ್ಮರೋಗ ಕ್ಲಿನಿಕ್‌ನಲ್ಲಿ ಅದಕ್ಕೆ ಉತ್ತರ ಸಿದ್ಧವಾಗಿದೆ: ಇಲ್ಲ. ಒಳಗೆ ಏನಿದೆ, ಯಾವ ಪದರದಲ್ಲಿದೆ ಎಂದು ಗೊತ್ತಾಗುವವರೆಗೆ ಒಂದು ಹನಿಯನ್ನೂ ಸೇರಿಸುವುದಿಲ್ಲ. ಉಬ್ಬಿನ ಪಕ್ಕದ ತಗ್ಗನ್ನು ತುಂಬಿ ಸಮ ಮಾಡಿದರೆ ಆ ವಾರ ಚೆಂದ ಕಾಣುತ್ತದೆ, ಆಮೇಲೆ ಇಡೀ ಜಾಗವೇ ಉಬ್ಬುತ್ತದೆ.

ಮೊದಲು ಬೇಕಾದದ್ದು ಸ್ಟಿಕರ್. ಒಳ್ಳೆಯ ಕಂಪನಿಯ ಪ್ರತಿ ಫಿಲ್ಲರ್ ಬಾಕ್ಸ್‌ನಲ್ಲೂ ಹೆಸರು, ಲಾಟ್ ನಂಬರ್ ಇರುವ ಸ್ಟಿಕರ್ ಇರುತ್ತದೆ. ನಮ್ಮ ಕಡೆಯವರು ಪುಣೆ, ಗೋವಾ, ಹುಬ್ಬಳ್ಳಿಗೆ ಹೋಗಿ ಮಾಡಿಸಿಕೊಂಡು ಬಂದಿರುತ್ತಾರೆ. ಅಲ್ಲಿಗೆ ಫೋನ್ ಮಾಡಿ ವಾಟ್ಸಾಪ್‌ನಲ್ಲಿ ಫೋಟೊ ತರಿಸಿಕೊಳ್ಳಿ ಎನ್ನುತ್ತೇನೆ. ಹಾಕಿದ್ದು ಹಯಾಲುರಾನಿಕ್ ಆಸಿಡ್ ಆಗಿದ್ದರೆ ಹಯಾಲುರಾನಿಡೇಸ್ ಎಂಬ ಕಿಣ್ವದಿಂದ ಕರಗಿಸಬಹುದು. ಕ್ಯಾಲ್ಸಿಯಂ ಹೈಡ್ರಾಕ್ಸಿಅಪಟೈಟ್, ಪಾಲಿಲ್ಯಾಕ್ಟಿಕ್ ಆಸಿಡ್, ಸ್ವಂತ ಕೊಬ್ಬು, ಸಿಲಿಕೋನ್, ಇವು ಯಾವುವೂ ಕಿಣ್ವಕ್ಕೆ ಕರಗುವುದಿಲ್ಲ. ಪಾರ್ಲರ್‌ಗಳಲ್ಲಿ ಸೂಜಿಯಿಲ್ಲದ ಪೆನ್‌ನಿಂದ ಒತ್ತಡದಲ್ಲಿ ಫಿಲ್ಲರ್ ತೂರಿಸುವ ಪದ್ಧತಿಯೂ ಇದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2021ರಲ್ಲೇ ಅದರ ವಿರುದ್ಧ ಎಚ್ಚರಿಸಿತ್ತು. ಅದರಲ್ಲಿ ಯಾವ ವಸ್ತು ಎಷ್ಟು ಆಳಕ್ಕೆ ಹೋಯಿತು ಎಂದು ಹಾಕಿದವರಿಗೇ ಹೇಳಲಾಗದು.

ಸ್ಟಿಕರ್ ಸಿಗದಿದ್ದರೆ ಅಲ್ಟ್ರಾಸೌಂಡ್. ಚರ್ಮರೋಗ ಕ್ಲಿನಿಕ್‌ನವರು ಪಿಸಿಪಿಎನ್‌ಡಿಟಿ (ಭ್ರೂಣಲಿಂಗ ಪತ್ತೆ ತಡೆ) ಕಾಯ್ದೆಯ ನೋಂದಣಿ ಇಲ್ಲದೆ ಯಂತ್ರ ಇಟ್ಟುಕೊಳ್ಳುವಂತಿಲ್ಲ, ಹಾಗಾಗಿ ರೇಡಿಯಾಲಜಿಸ್ಟ್ ಬಳಿ ಕಳಿಸುತ್ತೇನೆ. ಚೀಟಿಯಲ್ಲಿ ಬರೀ "ಮುಖದ ಸ್ಕ್ಯಾನ್" ಎಂದು ಬರೆದರೆ ಉಪಯೋಗವಿಲ್ಲ. ಹೈ ಫ್ರೀಕ್ವೆನ್ಸಿ ಲೀನಿಯರ್ ಪ್ರೋಬ್, 15 ಮೆಗಾಹರ್ಟ್ಸ್‌ ಅಥವಾ ಹೆಚ್ಚು, ಪ್ರೋಬ್ ಒತ್ತದೆ ಜೆಲ್ ದಪ್ಪಗೆ ಹಚ್ಚಿ ನೋಡಿ ಎಂದು ಬರೆಯುತ್ತೇನೆ. ಹಯಾಲುರಾನಿಕ್ ಆಸಿಡ್ ಕಪ್ಪು ಕೊಳದಂತೆ ಕಾಣುತ್ತದೆ, ಕ್ಯಾಲ್ಸಿಯಂ ಬೆಳ್ಳಗೆ ಹೊಳೆದು ಹಿಂದೆ ನೆರಳು ಬಿಡುತ್ತದೆ, ಸಿಲಿಕೋನ್ ಹಿಮ ಸುರಿದಂತೆ ಮಸುಕಾಗಿರುತ್ತದೆ. "ಎರಡು ವರ್ಷ ಆಗೈತ್ರಿ, ಕರಗಿರಬೇಕು" ಎಂಬ ಮಾತನ್ನು ನಂಬಬೇಡಿ. ಈ ಜಾಗದಲ್ಲಿ ಸ್ನಾಯು ಅಲುಗಾಟ ಕಡಿಮೆ. ಎಂಆರ್‌ಐಗಳಲ್ಲಿ ಎರಡು ವರ್ಷ ದಾಟಿದ ಮೇಲೂ ಫಿಲ್ಲರ್ ಕಂಡಿದೆ.

ಪರೀಕ್ಷೆ ಮಾಡುವುದು ಕೂರಿಸಿಯೇ. ಮಲಗಿದರೆ ಗುಳಿಯೂ ಚೀಲವೂ ಅರ್ಧ ಮಾಯವಾಗುತ್ತವೆ. ಕಿಟಕಿ ಬೆಳಕಿನಲ್ಲಿ, ಕಾಜಲ್ ಕನ್ಸೀಲರ್ ಒರೆಸಿ, ಫ್ಲ್ಯಾಶ್ ಇಲ್ಲದೆ ನೇರ, ಎರಡೂ ಓರೆ, ಮೇಲೆ ನೋಡುತ್ತ, ಕೆಳಗೆ ನೋಡುತ್ತ ಹೀಗೆ ಫೋಟೊ. ಮೇಲೆ ನೋಡಿದಾಗ ಉಬ್ಬು ಜಾಸ್ತಿಯಾದರೆ ಅದು ಕಣ್ಣಿನದೇ ಕೊಬ್ಬು ಮುಂದೆ ಬಂದದ್ದು, ಫಿಲ್ಲರ್‌ನದಲ್ಲ. ಬೆರಳಿಂದ ಒತ್ತಿ ಬಿಟ್ಟಾಗ ಕುಳಿ ಉಳಿದರೆ ನೀರು. ಒತ್ತಿದರೆ ಜಾರುವ ರಬ್ಬರಿನಂಥ ದಿಂಡು ಸಿಕ್ಕರೆ ಫಿಲ್ಲರ್. ಕತ್ತಲೆ ಮಾಡಿ ಮೊಬೈಲ್ ಟಾರ್ಚನ್ನು ಪಕ್ಕದಿಂದ ಹಿಡಿದರೆ ಚರ್ಮಕ್ಕೆ ಹತ್ತಿರವಿರುವ ಜೆಲ್ ಬೆಳಗುತ್ತದೆ.

ನೀಲಿ ಛಾಯೆ ಅತಿ ಹೆಚ್ಚು ಕಾಣುವ ದೂರು. ಕೆಳರೆಪ್ಪೆಯ ಚರ್ಮ ಸುಮಾರು ಅರ್ಧ ಮಿಲಿಮೀಟರ್ ದಪ್ಪ. ಅದರ ತಕ್ಷಣ ಕೆಳಗೆ ಜೆಲ್ ಕುಳಿತರೆ ಬೆಳಕಿನ ನೀಲಿ ಭಾಗ ಚದುರಿ ವಾಪಸ್ ಬರುತ್ತದೆ. ಟಿಂಡಾಲ್ ಪರಿಣಾಮ ಎನ್ನುವುದು ಇದನ್ನೇ. ಜನ ಇದನ್ನು ಕಪ್ಪು ವರ್ತುಲ ಹೆಚ್ಚಾಯಿತೆಂದು ತಿಳಿದು ಮತ್ತೆ ತುಂಬಿಸಿಕೊಳ್ಳುತ್ತಾರೆ, ಮತ್ತಷ್ಟು ನೀಲಿಯಾಗುತ್ತದೆ. ಚಿಕ್ಕ ಗುಳ್ಳೆಯಂತೆ ಒಂದೇ ಕಡೆ ಇದ್ದರೆ ಕಿಣ್ವವೇ ಬೇಕೆಂದಿಲ್ಲ: 26 ಗೇಜ್ ಸೂಜಿಯ ತುದಿಯಿಂದ ಚರ್ಮಕ್ಕೆ ಸಣ್ಣ ರಂಧ್ರ ಮಾಡಿ, ಎರಡು ಹತ್ತಿಕಡ್ಡಿಗಳಿಂದ ಎರಡೂ ಬದಿಯಿಂದ ಒತ್ತಿದರೆ ಗಾಜಿನಂಥ ಜೆಲ್ ಎಳೆಯಾಗಿ ಹೊರಬರುತ್ತದೆ. ಬಣ್ಣ ಅಲ್ಲೇ ತಿಳಿಯಾಗುತ್ತದೆ.

ಊತದ ಕಥೆ ಬೇರೆ. "ಮುಂಜಾನೆ ಎದ್ದಾಗ ಚೀಲ ತೂಗಾಡತೈತ್ರಿ, ಮಧ್ಯಾಹ್ನಕ್ಕ ಇಳೀತೈತ್ರಿ" ಎಂದರೆ ಕೆನ್ನೆಮೂಳೆಯ ಮೇಲಿನ ತೆಳು ಪೊರೆಯ ಹೊರಗಡೆ ಫಿಲ್ಲರ್ ಇದೆ, ದುಗ್ಧರಸ (ಲಿಂಫ್) ಇಳಿಯುವ ದಾರಿ ಕಟ್ಟಿದೆ ಎಂದರ್ಥ. ಜೆಲ್ ತಾನೂ ನೀರು ಹೀರುತ್ತದೆ. ಹಾಕಿಸಿ ಹಲವು ತಿಂಗಳ ಮೇಲೂ ಶುರುವಾಗಬಹುದು. ಉಪ್ಪಿನಕಾಯಿ, ಹಪ್ಪಳ, ಮದುವೆ ಊಟ, ಮುಟ್ಟಿನ ಮುಂಚಿನ ದಿನಗಳು ಇದನ್ನು ಎತ್ತಿ ತೋರಿಸುತ್ತವೆ, ಆದರೆ ಉಪ್ಪು ಬಿಟ್ಟರೆ ಗುಣವಾಗದು. ಮಸಾಜ್‌ನಿಂದಲೂ ಆಗದು. ಕರಗಿಸುವ ಮೊದಲು ಟಿಎಸ್‌ಎಚ್ (ಥೈರಾಯ್ಡ್ ರಕ್ತಪರೀಕ್ಷೆ) ಮತ್ತು ಮೂತ್ರದ ಪ್ರೋಟೀನ್ ನೋಡುತ್ತೇನೆ. ಥೈರಾಯ್ಡ್, ಮೂತ್ರಪಿಂಡದ ಊತವೂ ಬೆಳಗ್ಗೆಯೇ ಕಣ್ಣಿನ ಕೆಳಗೆ ಕಾಣಿಸಿಕೊಳ್ಳುವುದು.

ಕೆಂಪಾಗಿ, ಬಿಸಿಯಾಗಿ, ಮುಟ್ಟಿದರೆ ನೋಯುವ ಗಂಟಿಗೆ ಮಾತ್ರ ಕಿಣ್ವದ ಸಿರಿಂಜ್ ಹಿಡಿದು ಓಡಬಾರದು. ಸೋಂಕು ಇದ್ದರೆ ಕಿಣ್ವ ಅದನ್ನು ಸುತ್ತ ಹರಡಬಹುದು. ಮೊದಲು ಆಂಟಿಬಯಾಟಿಕ್, ಕೀವು ಇದ್ದರೆ ತೆಗೆದು ಕಲ್ಚರ್, ಆಮೇಲೆ ಕರಗಿಸುವುದು.

ಇನ್ನೊಂದು ಗುಂಪಿನವರಿಗೆ ಫಿಲ್ಲರ್ ಸರಿಯಾಗಿಯೇ ಕುಳಿತಿದೆ, ಕಪ್ಪು ಮಾತ್ರ ಹೋಗಿಲ್ಲ. ಹೋಗುವುದೂ ಇಲ್ಲ. ಚರ್ಮವನ್ನು ಹಗುರಾಗಿ ಎಳೆದಾಗಲೂ ಕಂದು ಹಾಗೇ ಇದ್ದರೆ ಅದು ಮೆಲನಿನ್, ಗುಳಿಯ ನೆರಳಲ್ಲ. ನಮ್ಮ ಮೈಬಣ್ಣದವರಲ್ಲಿ ಇದೇ ಹೆಚ್ಚು. ಅಲರ್ಜಿ ಶೀತವಿದ್ದು ದಿನವಿಡೀ ಕಣ್ಣುಜ್ಜುವವರಲ್ಲಿ ಇನ್ನೂ ಗಾಢ. ಇವರಿಗೆ ಸನ್‌ಸ್ಕ್ರೀನ್, ಅಲರ್ಜಿಗೆ ಔಷಧ, ಮುಲಾಮು. ಸೂಜಿ ಬೇಡ.

ಇನ್ನು ಕಿಣ್ವ. ಹಯಾಲುರಾನಿಡೇಸ್ ನಮ್ಮಲ್ಲಿ 1500 ಯೂನಿಟ್‌ನ ಪುಡಿ ಶೀಷೆಯಾಗಿ ಬರುತ್ತದೆ. ಕಣ್ಣಿನ ಪೊರೆ ಆಪರೇಷನ್‌ಗೆ ಮುಂಚೆ ಕೊಡುವ, ನೋವು ಗೊತ್ತಾಗದಂತೆ ಮಾಡುವ ಇಂಜೆಕ್ಷನ್‌ಗೆ ಬೆರೆಸುವುದು ಇದನ್ನೇ, ಆದ್ದರಿಂದ ಬಾಗಲಕೋಟೆ, ವಿಜಯಪುರದಲ್ಲಿ ಕೆಲಸ ಮಾಡುವ ವೈದ್ಯರು ಕಣ್ಣಾಸ್ಪತ್ರೆಯ ಪಕ್ಕದ ಮೆಡಿಕಲ್ ಅಂಗಡಿಯಲ್ಲಿ ಮೊದಲು ಕೇಳಲಿ. ಫಿಲ್ಲರ್ ಕರಗಿಸಲು ಬಳಸುವುದು ಲೇಬಲ್‌ನಲ್ಲಿಲ್ಲದ ಬಳಕೆ. ಒಪ್ಪಿಗೆ ಪತ್ರದಲ್ಲಿ ಆ ಮಾತನ್ನು ಕನ್ನಡದಲ್ಲೇ ಬರೆದು ಸಹಿ ಪಡೆಯಬೇಕು.

ಶೀಷೆಗೆ 10 ಮಿ.ಲೀ. ನಾರ್ಮಲ್ ಸಲೈನ್ ಹಾಕುತ್ತೇನೆ. 1 ಮಿ.ಲೀ.ಗೆ 150 ಯೂನಿಟ್, 0.1 ಮಿ.ಲೀ.ಗೆ 15. ಕುಲುಕುವುದಿಲ್ಲ, ಅಂಗೈಯಲ್ಲಿ ಹೊರಳಿಸುತ್ತೇನೆ. ಬೆರೆಸಿದ್ದನ್ನು ಆಗಲೇ ಬಳಸಿ, ಮಿಕ್ಕಿದ್ದನ್ನು ಚೆಲ್ಲಿಬಿಡುತ್ತೇನೆ. ಎಳೆಯುವುದು ಇನ್ಸುಲಿನ್ ಸಿರಿಂಜ್‌ನಲ್ಲಿ, ಎಡವಟ್ಟಾಗುವುದೂ ಇಲ್ಲೇ. ಅಂಗಡಿಯಲ್ಲಿ ಕೆಂಪು ಟೋಪಿಯ ಯು-40 (1 ಮಿ.ಲೀ.ಗೆ 40 ಯೂನಿಟ್ ಇನ್ಸುಲಿನ್‌ನ ಲೆಕ್ಕದ ಗೀಟು) ಮತ್ತು ಕಿತ್ತಳೆ ಟೋಪಿಯ ಯು-100 (100ರ ಲೆಕ್ಕದ್ದು) ಎರಡೂ ಸಿಗುತ್ತವೆ. ಯು-100ರಲ್ಲಿ 10ರ ಗೀಟು ಎಂದರೆ 0.1 ಮಿ.ಲೀ., 15 ಯೂನಿಟ್. ಯು-40ರಲ್ಲಿ ಅದೇ 10ರ ಗೀಟು 0.25 ಮಿ.ಲೀ., ಅಂದರೆ 37.5 ಯೂನಿಟ್. ಎರಡೂವರೆ ಪಟ್ಟು! ನರ್ಸ್‌ಗೆ "ಹತ್ತು ತುಂಬ್ರಿ" ಎನ್ನುವ ಬದಲು ಮಿ.ಲೀ.ನಲ್ಲೇ ಹೇಳಬೇಕು, ಮತ್ತು ಟ್ರೇಯಲ್ಲಿ ಒಂದೇ ಬಣ್ಣದ ಟೋಪಿ ಇರಬೇಕು. ಸಿರಿಂಜ್ ಮೇಲಿನ "ಯೂನಿಟ್" ಇನ್ಸುಲಿನ್‌ನದು, ಕಿಣ್ವದ್ದಲ್ಲ.

ಅಲರ್ಜಿ ವಿಚಾರಿಸುವಾಗ ಜೇನುಹುಳು, ಕಣಜ ಕಡಿದು ಮೈಯೆಲ್ಲ ಉಬ್ಬಿತ್ತೇ, ಉಸಿರು ಕಟ್ಟಿತ್ತೇ ಎಂದು ಕೇಳಲೇಬೇಕು; ಆ ವಿಷದಲ್ಲೂ ಹಯಾಲುರಾನಿಡೇಸ್ ಇದೆ. ಖಾನಾಪುರದ ಕಾಡಂಚಿನವರು, ಕಬ್ಬಿನ ಗದ್ದೆಯಲ್ಲಿ ದುಡಿಯುವವರು ಹೌದೆನ್ನುವುದುಂಟು. ಹೌದು ಎಂದರೆ ಅಂದಕ್ಕಾಗಿ ಕಿಣ್ವ ಹಾಕುವುದಿಲ್ಲ. ಉಳಿದವರಿಗೆ ಮುಂದೋಳಿನ ಚರ್ಮದೊಳಗೆ 0.02 ಮಿ.ಲೀ., ಪಕ್ಕದಲ್ಲಿ ಅಷ್ಟೇ ಬರೀ ಸಲೈನ್, 20ರಿಂದ 30 ನಿಮಿಷ ಕಾಯುವುದು. ಸಲೈನ್‌ಗಿಂತ ದೊಡ್ಡದಾಗಿ ತುರಿಸುವ ದದ್ದು ಬಂದರೆ ಅಲ್ಲಿಗೇ ನಿಲ್ಲಿಸುವುದು. ಪರೀಕ್ಷೆ ಪಾಸಾದರೂ ಅಡ್ರಿನಲಿನ್ ಕೈಗೆಟುಕುವಲ್ಲಿ ಇರಲಿ: 1:1000ದ್ದು, ದೊಡ್ಡವರಿಗೆ 0.5 ಮಿ.ಲೀ., ತೊಡೆಯ ಸ್ನಾಯುವಿಗೆ.

ಪ್ರಮಾಣದ ಲೆಕ್ಕ ಇದು. ಮಿ.ಲೀ.ಗೆ 20 ಮಿ.ಗ್ರಾಂ ಹಯಾಲುರಾನಿಕ್ ಆಸಿಡ್ ಇರುವ ಜೆಲ್‌ನ 0.1 ಮಿ.ಲೀ.ಗೆ ಸುಮಾರು 5 ಯೂನಿಟ್, 24 ಮಿ.ಗ್ರಾಂನದಕ್ಕೆ 10 ಎಂಬುದು ಆರಂಭದ ಅಂದಾಜು. ಕ್ರಾಸ್‌ಲಿಂಕ್ (ಜೆಲ್‌ನ ಎಳೆಗಳ ಹೆಣಿಗೆ) ಗಟ್ಟಿಯಿದ್ದಷ್ಟೂ ಹೆಚ್ಚು ಬೇಕಾಗುತ್ತದೆ. ನಾನು ಒಂದು ಕಣ್ಣಿಗೆ 15ರಿಂದ 30 ಯೂನಿಟ್‌ನಲ್ಲಿ ಶುರು ಮಾಡುತ್ತೇನೆ, ಒಂದು ಬಿಂದುವಿಗೆ 0.02ರಿಂದ 0.05 ಮಿ.ಲೀ. ಕೂರಿಸಿಯೇ ಗುರುತು ಹಾಕಿ, ಸೂಜಿ ಫಿಲ್ಲರ್ ಇರುವ ಪದರಕ್ಕೇ ಹೋಗಬೇಕು. ಮೂಳೆಯ ಮೇಲಿರುವ ಜೆಲ್‌ಗೆ ಚರ್ಮದಡಿ ಹಾಕಿದರೆ ಸ್ವಲ್ಪ ಭಾಗ ಮಾತ್ರ ಕರಗಿ ಅಂಕುಡೊಂಕು ಉಳಿಯುತ್ತದೆ. ನೀಲಿ ಛಾಯೆಗೆ ಆ ಜಾಗಕ್ಕಷ್ಟೇ ಹಾಕುತ್ತೇನೆ. ಊತಕ್ಕೆ ಮಾತ್ರ ಅರ್ಧಂಬರ್ಧ ನಡೆಯದು, ಅಲ್ಲಿನದೆಲ್ಲ ಹೋಗಬೇಕು. ಹಾಕಿದ ಮೇಲೆ ಒಂದೆರಡು ನಿಮಿಷ ಹಗುರವಾಗಿ ತಿಕ್ಕುವುದು.

ಇಂಜೆಕ್ಷನ್‌ನ ನೀರಿನಿಂದಲೇ ಅಂದು ಉಬ್ಬು ಜಾಸ್ತಿ ಕಾಣುತ್ತದೆ, ಮೊದಲೇ ಹೇಳಿರಬೇಕು. ಕರಗುವಿಕೆ ಕೆಲವೇ ಗಂಟೆಗಳಲ್ಲಿ ಗೊತ್ತಾಗಿ 48 ಗಂಟೆಗಳಲ್ಲಿ ಬಹುಪಾಲು ಮುಗಿಯುತ್ತದೆ. ಅದಕ್ಕೂ ಮೊದಲು ಎರಡನೇ ಡೋಸ್ ಇಲ್ಲ. ಅಥಣಿ, ಜಮಖಂಡಿ, ವಿಜಯಪುರದಿಂದ ಬರುವವರಿಗೆ ಮೂರನೇ ದಿನ ಅದೇ ಕಿಟಕಿ ಬೆಳಕಿನ ಫೋಟೊ ಕಳಿಸಲು ಹೇಳಿ, ಎರಡು ವಾರವಾದ ಮೇಲೆ ಒಮ್ಮೆ ಕರೆಸಿದರೆ ಸಾಕು.

ಆ ಎರಡು ವಾರ ಫೋನ್‌ಗಳು ಬರುತ್ತವೆ: "ಮೊದಲಿಗಿಂತ ಗುಳಿ ಬಿದ್ದೈತಿ." ಕಿಣ್ವ ಮೈಯದೇ ಹಯಾಲುರಾನಿಕ್ ಆಸಿಡ್ ಅನ್ನೂ ಕರಗಿಸುತ್ತದೆ, ಆದರೆ ಅದು ದಿನದೊಪ್ಪತ್ತಿನಲ್ಲಿ ಮತ್ತೆ ತಯಾರಾಗುವಂಥದ್ದು. ಹೆಚ್ಚಿನವರು ಮರೆತಿರುವುದು ಫಿಲ್ಲರ್‌ಗೆ ಮುಂಚಿನ ತಮ್ಮ ಮುಖವನ್ನು. ಹಳೆಯ ಮದುವೆ ಫೋಟೊ, ಆಧಾರ್ ಫೋಟೊ ತರಿಸಿ ಪಕ್ಕದಲ್ಲಿಟ್ಟು ತೋರಿಸಿದರೆ ವಾದ ಅಲ್ಲಿಗೆ ಮುಗಿಯುತ್ತದೆ. ಬಹಳ ಸಲ ಅವರು "ಇಷ್ಟ ಇದ್ರ ನಡೀತೈತಿ ಬಿಡ್ರಿ" ಎನ್ನುತ್ತಾರೆ, ನನಗೂ ಅದೇ ಇಷ್ಟ. ಕೊಬ್ಬಿನ ಚೀಲ ದೊಡ್ಡದಿದ್ದರೆ, ಕೆಳರೆಪ್ಪೆ ಎಳೆದು ಬಿಟ್ಟಾಗ ಪಟ್ಟನೆ ವಾಪಸಾಗದಿದ್ದರೆ, ಒಮ್ಮೆ ಊತ ಬಂದಿದ್ದರೆ ಮತ್ತೆ ಫಿಲ್ಲರ್ ಹಾಕುವುದಿಲ್ಲ; ಓಕ್ಯುಲೋಪ್ಲಾಸ್ಟಿ (ಕಣ್ಣುರೆಪ್ಪೆಯ ಶಸ್ತ್ರಚಿಕಿತ್ಸೆ) ಸರ್ಜನ್‌ಗೆ ಬರೆದುಕೊಡುತ್ತೇನೆ.

ನೆರಳಿನ ಗುಳಿ ಮಾತ್ರ ಉಳಿದವರಿಗೆ ನಾಲ್ಕು ವಾರದ ಮೇಲೆ ಮತ್ತೆ ತುಂಬಬಹುದು. ಎರಡು ವಾರ ಸಾಕೆನ್ನುವವರಿದ್ದಾರೆ, ನನಗೆ ಕಿಣ್ವ ಹಾಕಿದ್ದರ ಊತ ಪೂರ್ತಿ ಇಳಿದದ್ದು ಕಾಣಬೇಕು. ಮೊದಲು ಕೆನ್ನೆಯ ಆಳದ ಕೊಬ್ಬಿಗೆ ಒಂದು ಬದಿಗೆ 0.2ರಿಂದ 0.4 ಮಿ.ಲೀ.; ಎಷ್ಟೋ ಸಲ ಅಷ್ಟಕ್ಕೇ ಗುಳಿ ಮೇಲೇಳುತ್ತದೆ. ಆಮೇಲೆ ಬೇಕಾದರಷ್ಟೇ ಗುಳಿಗೆ, ನೀರು ಕಡಿಮೆ ಹೀರುವ ಮೆತ್ತನೆಯ ಜೆಲ್, 25 ಗೇಜ್ ಕ್ಯಾನುಲಾದಿಂದ (ಮೊಂಡು ತುದಿಯ ಸೂಜಿ) ಮೂಳೆಗೆ ತಾಗಿದಂತೆ, ಒಂದು ಬದಿಗೆ 0.2ರಿಂದ 0.3 ಮಿ.ಲೀ. ಕಣ್ಣುಗುಳಿಯ ಅಂಚಿನಿಂದ ಸುಮಾರು 1 ಸೆಂ.ಮೀ. ಕೆಳಗೆ, ಪಾಪೆಯ ನೇರಕ್ಕೆ ನರ ಮತ್ತು ರಕ್ತನಾಳ ಹೊರಬರುವ ರಂಧ್ರವಿದೆ, ಮೂಗಿನ ಕಡೆ ಆ್ಯಂಗ್ಯುಲರ್ ಧಮನಿ; ಎರಡನ್ನೂ ಗುರುತು ಹಾಕಿಕೊಂಡೇ ಕೈ ಇಡುವುದು. ಗುಳಿಯನ್ನು ಮುಕ್ಕಾಲು ಭಾಗ ತುಂಬಿ ನಿಲ್ಲಿಸಬೇಕು. ಮಿಕ್ಕಿದ್ದನ್ನು ಜೆಲ್ ಹೀರುವ ನೀರು ತುಂಬುತ್ತದೆ.

ಮತ್ತೆ ತುಂಬುವ ದಿನ ಕಿಣ್ವದ ಶೀಷೆ ನಾಲ್ಕಾದರೂ ಫ್ರಿಜ್‌ನಲ್ಲಿರಬೇಕು. ಚರ್ಮ ಬೆಳ್ಳಗಾದರೆ, ಬಲೆಯಂತೆ ನೇರಳೆ ಗೆರೆ ಮೂಡಿದರೆ, ಒತ್ತಿಬಿಟ್ಟ ಚರ್ಮಕ್ಕೆ ಬಣ್ಣ ಬರಲು ಮೂರು ಸೆಕೆಂಡ್‌ಗಿಂತ ಹೆಚ್ಚು ಹಿಡಿದರೆ ರಕ್ತನಾಳ ಕಟ್ಟಿದೆ. ಆಗ 15 ಯೂನಿಟ್‌ನ ಲೆಕ್ಕವೂ ಇಲ್ಲ, ಚರ್ಮ ಪರೀಕ್ಷೆಗೆ ಕಾಯುವುದೂ ಇಲ್ಲ: ಶೀಷೆಗೆ 10ರ ಬದಲು ಒಂದೆರಡು ಮಿ.ಲೀ. ಸಲೈನ್ ಹಾಕಿ, ಬಾಧಿತ ಭಾಗಕ್ಕೆ 500 ಯೂನಿಟ್, ಬಣ್ಣ ಮರಳುವವರೆಗೆ ಗಂಟೆಗೊಮ್ಮೆ. ಕಣ್ಣು ಮಂಜಾದರೆ ನಿಮಿಷಗಳ ಲೆಕ್ಕ. ರೆಟಿನಾ ರಕ್ತವಿಲ್ಲದೆ ತಾಳುವುದು ಹೆಚ್ಚೆಂದರೆ ಒಂದು, ಒಂದೂವರೆ ಗಂಟೆ. ದೂರದ ಊರಿನವರು ಆ ರಾತ್ರಿ ಬೆಳಗಾವಿಯಲ್ಲೇ ಉಳಿಯಲಿ, ಜೊತೆಗೆ ಬಂದವರ ಮೊಬೈಲ್‌ನಲ್ಲಿ ನನ್ನ ನಂಬರ್ ಇರಲಿ ಎಂದು ಹೇಳಿಯೇ ಕಳಿಸುವುದು.