ಜ್ಯೂಸ್ ಅಂಗಡಿಗೆ ಕ್ಯಾಲೊರಿ ಬೋರ್ಡ್: ಬರೆಯೋದು ಹೇಗೆ, ಇಡೋದು ಎಲ್ಲಿ

ಕಲಬುರಗಿಯ ಬಿಸಿಲಿನ ಬಗ್ಗೆ ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಏಪ್ರಿಲ್ ಬಂತೆಂದರೆ ಸೂಪರ್ ಮಾರ್ಕೆಟ್‌ಗೆ ಬಂದವರು, ಆಳಂದ, ಜೇವರ್ಗಿ ಕಡೆಯಿಂದ ದವಾಖಾನೆಗೆ ಬಂದವರು, ಕಾಲೇಜು ಬಿಟ್ಟ ಹುಡುಗರು, ಎಲ್ಲರೂ ಏನಾದರೂ ತಣ್ಣಗೆ ಕುಡಿದೇ ಮುಂದೆ ಹೋಗುತ್ತಾರೆ. ನನ್ನ ತಮ್ಮನದು ಇಲ್ಲೇ ಒಂದು ಜ್ಯೂಸ್ ಅಂಗಡಿ. ನಾನು ಪಿಯು ಕಾಲೇಜಿನಲ್ಲಿ ಗೃಹವಿಜ್ಞಾನ ಕಲಿಸುತ್ತೇನೆ. ಅವನ ಅಂಗಡಿಗೆ ಕ್ಯಾಲೊರಿ ಬೋರ್ಡ್ ಬರೆದುಕೊಟ್ಟಿದ್ದು ನಾನು. ಅದನ್ನು ನೋಡಿದ ಬೇರೆ ಅಂಗಡಿಯವರು, ಹಾಸ್ಟೆಲ್ ಮೆಸ್‌ನವರು "ಅಕ್ಕಾ, ನಮಗೂ ಒಂದು ಬರೆದು ಕೊಡ್ರಿ" ಅನ್ನುತ್ತಾರೆ. ಒಂದೊಂದು ಅಂಗಡಿಯ ಅಳತೆ ಒಂದೊಂದು ಥರ ಇರುವುದರಿಂದ ನನ್ನ ಬೋರ್ಡ್ ನಿಮಗೆ ಆಗುವುದಿಲ್ಲ. ನಿಮ್ಮದನ್ನು ನೀವೇ ಬರೆಯಬೇಕು. ಹೇಗೆ ಅಂತ ಹೇಳುತ್ತೇನೆ.

ಮೊದಲು ಕಾನೂನಿನ ಮಾತು ಮುಗಿಸಿಬಿಡೋಣ. 2022ರ ಜುಲೈ 1ರಿಂದ ಎಫ್‌ಎಸ್‌ಎಸ್‌ಎಐ (ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ) ನಿಯಮದಂತೆ, ಕೇಂದ್ರದ ಲೈಸೆನ್ಸ್ ಇರುವ ಅಥವಾ 10 ಮತ್ತು ಅದಕ್ಕಿಂತ ಜಾಸ್ತಿ ಕಡೆ ಶಾಖೆ ಇರುವ ಹೋಟೆಲುಗಳು ಮೆನುವಿನಲ್ಲಿ ಕ್ಯಾಲೊರಿ ಬರೆಯಲೇಬೇಕು. ನಮ್ಮ ಸಣ್ಣ ಅಂಗಡಿಗಳಿಗೆ ಅದು ಕಡ್ಡಾಯವಲ್ಲ. ಯಾರೂ ಬಂದು ಕೇಳುವುದಿಲ್ಲ. ಆದರೂ ಬರೆಯಿರಿ ಅಂತಲೇ ನಾನು ಹೇಳುವುದು. ನಮ್ಮ ಊರಿನ ಜನ ಕುಡಿಯುವುದು ಇಂಥ ಅಂಗಡಿಗಳಲ್ಲೇ ಜಾಸ್ತಿ, ಅಲ್ವಾ?

ಬರೆಯುವ ಮುಂಚೆ ಒಂದು ವಿಷಯ ತಿಳಿದಿರಲಿ. ಬರೀ ಅಂಕಿ ಬರೆದು ಗೋಡೆಗೆ ಅಂಟಿಸಿದರೆ ಕುಡಿಯುವವರ ಆಯ್ಕೆ ಅಷ್ಟು ಸುಲಭವಾಗಿ ಬದಲಾಗುವುದಿಲ್ಲ. 2008ರಲ್ಲಿ ನ್ಯೂಯಾರ್ಕ್ ನಗರದಲ್ಲಿ ದೊಡ್ಡ ಚೈನ್ ಅಂಗಡಿಗಳಿಗೆ ಕ್ಯಾಲೊರಿ ಬರೆಯುವುದು ಕಡ್ಡಾಯವಾಯಿತು. ಆಗಿನ ಸ್ಟಾರ್‌ಬಕ್ಸ್ ಕಾಫಿ ಅಂಗಡಿಗಳ ಬಿಲ್ಲುಗಳನ್ನು ಸಂಶೋಧಕರು ಲೆಕ್ಕ ಹಾಕಿ ನೋಡಿದರು. ಒಂದು ಬಿಲ್ಲಿಗೆ ಸರಾಸರಿ ಶೇಕಡಾ 6ರಷ್ಟು ಕ್ಯಾಲೊರಿ ಇಳಿದಿತ್ತು. ಆದರೆ ಇಳಿದದ್ದು ತಿನ್ನುವ ಪದಾರ್ಥದಲ್ಲಿ. ಕುಡಿಯುವುದರಲ್ಲಿ ಹೆಚ್ಚುಕಡಿಮೆ ಏನೂ ಬದಲಾಗಲಿಲ್ಲ. ನನಗೆ ಇದರಲ್ಲಿ ಆಶ್ಚರ್ಯ ಕಾಣುವುದಿಲ್ಲ. ಕುಡಿಯುವುದು ರೂಢಿಯ ಮೇಲೆ ನಡೆಯುತ್ತದೆ. ಬಾಯಾರಿದವನು ಬೋರ್ಡ್ ಓದುವ ಮೊದಲೇ ಆರ್ಡರ್ ಹೇಳಿರುತ್ತಾನೆ.

ಅದೇ ದೇಶದ ಬಾಲ್ಟಿಮೋರ್ ಊರಿನಲ್ಲಿ ಇನ್ನೊಂದು ಪ್ರಯೋಗ ಆಯಿತು. ಅದರ ವರದಿ 2012ರಲ್ಲಿ ಬಂತು. ಬಡ ಬಡಾವಣೆಗಳ ಸಣ್ಣ ಅಂಗಡಿಗಳಲ್ಲಿ, 12ರಿಂದ 18 ವರ್ಷದ ಮಕ್ಕಳಿಗೆ ಕಾಣುವ ಹಾಗೆ ಮೂರು ಥರದ ಚೀಟಿ ಅಂಟಿಸಿದರು. ಒಂದರಲ್ಲಿ ಇಷ್ಟು ಕ್ಯಾಲೊರಿ ಅಂತ. ಇನ್ನೊಂದರಲ್ಲಿ ದಿನದ ಲೆಕ್ಕದಲ್ಲಿ ಇಷ್ಟು ಶೇಕಡಾ ಅಂತ. ಮೂರನೆಯದರಲ್ಲಿ, ಈ ಬಾಟಲಿ ಕರಗಬೇಕಾದರೆ 50 ನಿಮಿಷ ಓಡಬೇಕು ಅಂತ. ಎಲ್ಲಕ್ಕಿಂತ ಚೆನ್ನಾಗಿ ನಾಟಿದ್ದು ಈ ಓಟದ ಚೀಟಿ. ಮಕ್ಕಳು ಸಿಹಿ ಬಾಟಲಿ ಕಮ್ಮಿ ಮಾಡಿ ನೀರು ಜಾಸ್ತಿ ಕೊಂಡರು. ಅಂದರೆ, ಅಂಕಿಯನ್ನು ಮೈಗೆ ಗೊತ್ತಿರುವ ಲೆಕ್ಕಕ್ಕೆ ಇಳಿಸಬೇಕು. ಬೋರ್ಡ್ ಬರೆಯುವಾಗ ಇದನ್ನೇ ಹಿಡಿದುಕೊಳ್ಳಿ.

ಈಗ ಕೆಲಸಕ್ಕೆ ಬರೋಣ. ಮೊದಲು ನಿಮ್ಮ ಸಕ್ಕರೆ ಚಮಚ ತೂಗಿ. ಕಿರಾಣಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿ ಸಾಕು. ಚಹಾ ಚಮಚದಲ್ಲಿ ಮಟ್ಟಸವಾಗಿ ತೆಗೆದರೆ ಸುಮಾರು 5 ಗ್ರಾಂ ಸಕ್ಕರೆ ಬರುತ್ತದೆ. ಆದರೆ ಜ್ಯೂಸ್ ಅಂಗಡಿಯ ಡಬ್ಬಿಯಲ್ಲಿ ಇರುವುದು ಊಟದ ದೊಡ್ಡ ಚಮಚ, ಅದನ್ನೂ ತುಂಬಿಯೇ ಎತ್ತುತ್ತಾರೆ. ತಮ್ಮ ರೂಢಿಯ ಹಾಗೆ ಎತ್ತಿದ್ದನ್ನು ಹಾಗೇ ತಕ್ಕಡಿಗೆ ಸುರಿಸಿದೆ. 18 ಗ್ರಾಂ! ಒಂದು ಗ್ಲಾಸಿಗೆ ಅಂಥವು ಎರಡು, ಅಂದರೆ 36 ಗ್ರಾಂ. ಒಂದು ಗ್ರಾಂ ಸಕ್ಕರೆಗೆ 4 ಕ್ಯಾಲೊರಿ. ಹಣ್ಣು, ಹಾಲು ಬೀಳುವ ಮುಂಚೆಯೇ 144 ಆಯಿತು.

ಮುಂದೆ ಒಂದೊಂದೇ ಐಟಂ ಲೆಕ್ಕ ಮಾಡಿ. ತಮ್ಮನ ಮ್ಯಾಂಗೋ ಶೇಕ್ ನೋಡಿ. ಟೋನ್ಡ್ ಹಾಲು 200 ಮಿಲಿ, ಸುಮಾರು 120. ಮಾವಿನ ತಿರುಳು 100 ಗ್ರಾಂ, ಸುಮಾರು 60. ಸಕ್ಕರೆ 144. ಮೇಲೆ ಒಂದು ಗುಂಡು ಐಸ್‌ಕ್ರೀಮ್, ಸುಮಾರು 120. ಒಟ್ಟು 440ರ ಆಸುಪಾಸು. ಸಿಹಿ ಲಿಂಬು ಸೋಡಾ 145. ಉಪ್ಪಿನ ಲಿಂಬು ಸೋಡಾದಲ್ಲಿ ಇಲ್ಲವೇ ಇಲ್ಲ ಅನ್ನಬಹುದು. ಅರ್ಧ ಕಪ್ಪಿಗಿಂತ ಕಮ್ಮಿ ಮೊಸರಿಗೆ ನೀರು ಹಾಕಿ, ಜೀರಿಗೆ, ಕೊತ್ತಂಬರಿ ಹಾಕಿ ಕಡೆದ ಮಜ್ಜಿಗೆ 30. ಹಾಲು, ಐಸ್‌ಕ್ರೀಮ್ ಪ್ಯಾಕೆಟ್ಟಿನ ಮೇಲೆ ಅಂಕಿ ಇದ್ದೇ ಇರುತ್ತದೆ, ಅದನ್ನೇ ತೆಗೆದುಕೊಳ್ಳಿ. ಹತ್ತಿಪ್ಪತ್ತು ಆಚೀಚೆ ಆದರೆ ತಲೆ ಕೆಡಿಸಿಕೊಳ್ಳಬೇಡಿ. 30ಕ್ಕೂ 440ಕ್ಕೂ ಇರುವ ಅಂತರ ಕಾಣಿಸಿದರೆ ಸಾಕು. ಕಬ್ಬಿನ ಹಾಲಿಗೆ ನೀವು ಸಕ್ಕರೆ ಹಾಕದಿದ್ದರೂ ಅದರೊಳಗೇ ಸಕ್ಕರೆ ಇದೆ. ಅದನ್ನು ಸೊನ್ನೆ ಅಂತ ಬರೆಯಬೇಡಿ.

ಬೋರ್ಡಿನ ಮೇಲೆ ಮೂರೇ ಕಾಲಂ ಸಾಕು. ಹೆಸರು, ಚಮಚ, ನಡಿಗೆ. ಕ್ಯಾಲೊರಿ ಅಂಕಿಯನ್ನು ಹೆಸರಿನ ಕೆಳಗೆ ಸಣ್ಣದಾಗಿ ಬರೆಯಿರಿ. ಚಮಚವನ್ನು ಅಕ್ಷರದಲ್ಲಿ ಬರೆಯದೆ ಚಿತ್ರ ಬಿಡಿಸಿ. ನಮ್ಮಲ್ಲಿ ಕನ್ನಡ ಓದುವವರು, ಉರ್ದು ಓದುವವರು, ಓದಲು ಬಾರದವರು ಎಲ್ಲರೂ ಬರುತ್ತಾರೆ. ಚಮಚದ ಚಿತ್ರ ಎಲ್ಲರಿಗೂ ಅರ್ಥ ಆಗುತ್ತದೆ. ಐದು ಗ್ರಾಮಿಗೆ ಒಂದು ಚಮಚ ಅಂತ ಹಿಡಿದರೆ ಸಿಹಿ ಲಿಂಬು ಸೋಡಾಕ್ಕೆ 7, ಐಸ್‌ಕ್ರೀಮಿನದೂ ಸೇರಿ ಮ್ಯಾಂಗೋ ಶೇಕ್‌ಗೆ 9. ನಡಿಗೆಯ ಲೆಕ್ಕ ಹೀಗೆ: 60 ಕೆಜಿ ತೂಕದವರು ಸ್ವಲ್ಪ ಬೀಸಾಗಿ ನಡೆದರೆ ನಿಮಿಷಕ್ಕೆ ಮೂರೂವರೆ, ನಾಲ್ಕು ಕ್ಯಾಲೊರಿ ಖರ್ಚಾಗುತ್ತದೆ. ಸಿಹಿ ಸೋಡಾಕ್ಕೆ 40 ನಿಮಿಷ, ಶೇಕ್‌ಗೆ ಎರಡು ತಾಸು. ನಾನು "ಅಪ್ಪನ ಕೆರೆ ದಂಡೆ ಮೇಲೆ 40 ನಿಮಿಷ" ಅಂತಲೇ ಬರೆದಿದ್ದೇನೆ. ಬೆಳಿಗ್ಗೆ ಅಲ್ಲಿ ನಡೆಯುವವರಿಗೆ ತಕ್ಷಣ ಹೊಳೆಯುತ್ತದೆ.

ಆ ಚಿತ್ರದ ಕೆಲಸ ನಾನು ಕಣ್ಣಾರೆ ನೋಡಿದ್ದೇನೆ. ಹಳ್ಳಿಯಿಂದ ಬಂದ ಒಬ್ಬ ಕಾಕಾ ಸಿಹಿ ಸೋಡಾ ಹೇಳಿ, ಬೋರ್ಡಿನ ಮೇಲೆ ಬೆರಳಿಟ್ಟು ಒಂದೊಂದೇ ಚಮಚ ಎಣಿಸಿದರು. ಎಣಿಸಿ ಮುಗಿಸಿ, "ಇಷ್ಟು ಸಕ್ರಿ ಹಾಕ್ತಿಯೇನೋ ತಮ್ಮಾ? ಬ್ಯಾಡ, ಉಪ್ಪಿಂದೇ ಕೊಡು" ಅಂದರು. ಬೋರ್ಡು ಬೆರಳಿಗೆ ಸಿಗುವಷ್ಟು ಹತ್ತಿರ ಇದ್ದದ್ದಕ್ಕೇ ಅದು ಸಾಧ್ಯವಾಯಿತು. ಆದ್ದರಿಂದ ಬೋರ್ಡನ್ನು ಮಿಕ್ಸರ್ ಹಿಂದಿನ ಗೋಡೆಗೆ ಹಾಕಬೇಡಿ. ರೊಕ್ಕ ಕೊಡುವ ಕೌಂಟರ್ ಮೇಲೆ, ನಿಂತವರ ಎದೆ ಮಟ್ಟಕ್ಕೆ ಇಡಿ. ಪಟ್ಟಿಯಲ್ಲಿ ಮಜ್ಜಿಗೆ, ಉಪ್ಪಿನ ಸೋಡಾ ಮೇಲಿರಲಿ, ಶೇಕ್, ಫಾಲೂದಾ ಕೆಳಗಿರಲಿ. ಮಜ್ಜಿಗೆ ರೇಟು ಕಮ್ಮಿ ಇಡಿ. ಕಮ್ಮಿ ಸಕ್ಕರೆಯದಕ್ಕೆ ಜಾಸ್ತಿ ರೊಕ್ಕ ಕೇಳಿದರೆ ಬೋರ್ಡಿಗೆ ಬೆಲೆ ಇರಲ್ಲ.

ಬೋರ್ಡಿಗಿಂತ ದೊಡ್ಡ ಕೆಲಸ ಮಾಡುವುದು ನಿಮ್ಮ ಒಂದು ಪ್ರಶ್ನೆ. ಗಿರಾಕಿ ಹೇಳಿದ ಕೂಡಲೇ ಮಿಕ್ಸರ್ ಹಚ್ಚಬೇಡಿ. "ಸಕ್ರಿ ಹಾಕಬೇಕೇನ್ರಿ, ಬ್ಯಾಡೇನ್ರಿ?" ಅಂತ ಕೇಳಿ. "ಬೇಕು" ಅಂದರೆ, "ಒಂದೋ ಎರಡೋ?" ಅನ್ನಿ. ಸುಮ್ನೆ ಹಾಕಿಬಿಟ್ಟರೆ ಎಲ್ಲರೂ ಕುಡಿಯುತ್ತಾರೆ, ಕೇಳಿದರೆ ಎಷ್ಟೋ ಜನ ಒಂದೇ ಸಾಕು ಅನ್ನುತ್ತಾರೆ. ಚಹಾ ಅಂಗಡಿಯವರಿಗೂ ಇದೇ ಮಾತು. ಕಪ್ಪಿಗೆ ಎರಡು ಚಮಚದಂತೆ ದಿನಕ್ಕೆ ಐದು ಚಹಾ ಕುಡಿದರೆ 50 ಗ್ರಾಂ ಆಗುತ್ತದೆ. ದಿನಕ್ಕೆ 2,000 ಕ್ಯಾಲೊರಿ ಬೇಕಾದವರಿಗೆ ವಿಶ್ವ ಆರೋಗ್ಯ ಸಂಸ್ಥೆ ಹಾಕಿದ ಮಿತಿ ಅಷ್ಟೇ, ಅದರ ಅರ್ಧಕ್ಕೆ ಇಳಿಸಿದರೆ ಇನ್ನೂ ಒಳ್ಳೆಯದು ಅಂತಲೂ ಅದು ಹೇಳುತ್ತದೆ.

ಫ್ರಿಜ್‌ನಲ್ಲಿರುವ ಬಾಟಲಿಗಳಿಗೂ ಚೀಟಿ ಅಂಟಿಸಿ. ಅಲ್ಲಿ ಅಂಕಿಯನ್ನು 100 ಮಿಲಿಗೆ ಕೊಟ್ಟಿರುತ್ತಾರೆ. ಯಾರು 100 ಮಿಲಿ ಕುಡಿದು ಬಿಡುತ್ತಾರೆ? 100 ಮಿಲಿಗೆ 11 ಗ್ರಾಂ ಸಕ್ಕರೆ ಅಂತ ಇದ್ದರೆ, 250 ಮಿಲಿ ಬಾಟಲಿಯಲ್ಲಿ ಐದೂವರೆ ಚಮಚ, 600 ಮಿಲಿಯದರಲ್ಲಿ 13. ಪೂರ್ತಿ ಬಾಟಲಿಯ ಲೆಕ್ಕವನ್ನು ಫ್ರಿಜ್ ಬಾಗಿಲ ಮೇಲೆ, ಆಯಾ ಸಾಲಿನ ಎದುರಿಗೆ ಬರೆಯಿರಿ. ಚಿಲಿ ದೇಶದಲ್ಲಿ 2016ರಿಂದ ಸಕ್ಕರೆ ಜಾಸ್ತಿ ಇರುವ ಪಾನೀಯಗಳ ಮುಂಭಾಗದಲ್ಲೇ ಕಪ್ಪು ಎಂಟು ಮೂಲೆಯ ಗುರುತು ಹಾಕಿಸಿದರು. ಮಕ್ಕಳನ್ನು ಸೆಳೆಯುವ ಜಾಹೀರಾತಿಗೂ, ಶಾಲೆಯಲ್ಲಿ ಮಾರಾಟಕ್ಕೂ ತಡೆ ಬಂತು. ಅಂಥ ಪಾನೀಯಗಳ ಖರೀದಿ ಸುಮಾರು ಕಾಲು ಭಾಗ ಇಳಿಯಿತು. ಹಿಂದೆ ಸಣ್ಣ ಅಕ್ಷರದಲ್ಲಿ ಇದ್ದದ್ದು ಮುಂದೆ ಬಂತು, ಅದರ ಬಲವೇ ಬೇರೆ. ಡಯಟ್ ಬಾಟಲಿಗಳ ಮೇಲೆ ಸೊನ್ನೆ ಅಂತ ಇರುತ್ತದೆ, ನಿಜ. ಆದರೆ ತೂಕ ಇಳಿಸಲು, ಅವುಗಳಲ್ಲಿ ಸಕ್ಕರೆ ಬದಲು ಹಾಕುವ ಸಿಹಿಕಾರಕಗಳನ್ನು ನೆಚ್ಚಬೇಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ನಾನು ಅವನ್ನು ಪಟ್ಟಿಯ ಮೇಲಿನ ಸಾಲಿಗೆ ತರುವುದಿಲ್ಲ.

ಒಂದು ಎಚ್ಚರಿಕೆ ಹೇಳಲೇಬೇಕು. ಬೋರ್ಡಿನ ಮೇಲೆ "ದಪ್ಪ", "ಬೊಜ್ಜು" ಅನ್ನುವ ಮಾತು ಬೇಡ. ಕಾಲೇಜಿನ ಹುಡುಗಿಯರ ಎದುರು ಯಾರ ಮೈಯ ಬಗ್ಗೆಯೂ ಮಾತಾಡಬೇಡಿ. ಸಕ್ಕರೆ ಕಾಯಿಲೆಯವರು ಯಾರಾದರೂ ಬೆವರಿ, ಕೈ ನಡುಗುತ್ತಾ "ಶುಗರ್ ಲೋ ಆಗಿದೆ" ಅಂತ ಬಂದರೆ ಬೋರ್ಡ್ ಮರೆತುಬಿಡಿ. ಮೂರು ಚಹಾ ಚಮಚ ಸಕ್ಕರೆಯನ್ನು ನೀರಿಗೆ ಹಾಕಿ ತಕ್ಷಣ ಕೊಡಿ. ವಾಂತಿ, ಭೇದಿಯಿಂದ ನೀರು ಕಳೆದುಕೊಂಡವರಿಗೆ ಸಿಹಿ ಪಾನೀಯ ಕೊಡಬೇಡಿ. ಮೆಡಿಕಲ್‌ನ ಓಆರ್‌ಎಸ್ ಪುಡಿಯನ್ನು ಪ್ಯಾಕೆಟ್ ಮೇಲೆ ಬರೆದಷ್ಟು ನೀರಿಗೆ ಕಲಸಬೇಕು. ಅದರಲ್ಲಿ ಲೀಟರಿಗೆ ಗ್ಲೂಕೋಸ್ ಇರುವುದು 13.5 ಗ್ರಾಂ ಮಾತ್ರ, ಸಿಹಿ ಪಾನೀಯದಲ್ಲಿ ಅದರ ಹಲವು ಪಟ್ಟು. ಅದಕ್ಕೇ 2025ರ ಅಕ್ಟೋಬರ್‌ನಲ್ಲಿ ಎಫ್‌ಎಸ್‌ಎಸ್‌ಎಐ, ಇಂಥ ಪಾನೀಯಗಳ ಹೆಸರಿನಲ್ಲಿ ಓಆರ್‌ಎಸ್ ಅಂತ ಬಳಸಬಾರದು ಅಂತ ಆದೇಶ ಮಾಡಿತು. ಹಳೇ ಸ್ಟಾಕ್ ನಿಮ್ಮ ಫ್ರಿಜ್‌ನಲ್ಲಿ ಇದ್ದರೆ ತೆಗೆದುಹಾಕಿ.

ಬೋರ್ಡ್ ಕೆಲಸ ಮಾಡುತ್ತಿದೆಯಾ ಅಂತ ತಿಳಿಯಲು ಗಿರಾಕಿಗಳನ್ನು ಕೇಳುತ್ತಾ ಕೂರಬೇಡಿ. ಎದುರಿಗೆ ಎಲ್ಲರೂ ಚೆನ್ನಾಗಿದೆ ಅಂತಲೇ ಅನ್ನುತ್ತಾರೆ. ಸಕ್ಕರೆ ಚೀಲ ಒಡೆದ ತಾರೀಕನ್ನು ಚೀಲದ ಮೇಲೇ ಬರೆಯಿರಿ. ಗಿರಾಕಿ ಅಷ್ಟೇ ಇದ್ದು ಚೀಲ ಜಾಸ್ತಿ ದಿನ ಬಂದರೆ ಫರಕು ಆಗಿದೆ ಅಂತ ಅರ್ಥ. ಬರದಿದ್ದರೆ ಬೋರ್ಡ್ ಇಟ್ಟ ಜಾಗ ಬದಲಿಸಿ, ಕೌಂಟರಿನಲ್ಲಿ ನಿಲ್ಲುವ ಹುಡುಗ ಸಕ್ಕರೆ ಕೇಳುತ್ತಿದ್ದಾನಾ ನೋಡಿ. ಮಾವಿನ ಸೀಸನ್ ಮುಗಿದು ಡಬ್ಬಿಯ ತಿರುಳು ಹಾಕಲು ಶುರು ಮಾಡಿದಾಗ ಆ ಸಾಲನ್ನು ಮತ್ತೆ ಲೆಕ್ಕ ಮಾಡಬೇಕು, ಯಾಕೆಂದರೆ ಡಬ್ಬಿಯದರಲ್ಲಿ ಮೊದಲೇ ಸಕ್ಕರೆ ಸೇರಿಸಿರುತ್ತಾರೆ. ಅದಕ್ಕೆ ಶೇಕ್‌ಗಳ ಸಾಲನ್ನು ಪೇಂಟಿನಲ್ಲಿ ಬರೆಸಬೇಡಿ, ಚಾಕ್‌ನಲ್ಲೇ ಬರೆಯಿರಿ.