ಪೇಜ್‌ಮೇಕರ್ ಕಾಲದ ಕನ್ನಡವನ್ನು ಸೆಡ್‌ನಲ್ಲೇ ಯೂನಿಕೋಡಿಗೆ ತಂದೆ: ನನ್ನ ಅನುಭವ

ಪುಟ ಜೋಡಿಸುವ ಪೇಜ್‌ಮೇಕರ್ ತಂತ್ರಾಂಶದಲ್ಲಿ ನುಡಿ ಎಂಬ ಹಳೆಯ ಕನ್ನಡ ಫಾಂಟಿನಿಂದ ಜೋಡಿಸಿದ ಕಡತಗಳನ್ನು ಸಾರಾಸಗಟಾಗಿ ಇಂದಿನ ಯೂನಿಕೋಡಿಗೆ ತರಲು ಟರ್ಮಿನಲ್ (ಆದೇಶಗಳನ್ನು ಟೈಪ್ ಮಾಡುವ ಪರದೆ) ಮತ್ತು ಅದರಲ್ಲಿ ಪಠ್ಯವನ್ನು ಬದಲಿಸುವ ಸೆಡ್ ಎಂಬ ಆದೇಶ ಸಾಲದು ಎಂದವರು ಮೂರು ಬಗೆಯವರು. ಮಂಗಳೂರಿನ ಡಿಟಿಪಿ ಗೆಳೆಯರು ಮರಳಿ ಟೈಪ್ ಮಾಡಿಸುವುದೇ ಸುಲಭ ಎಂದರು. ಬೆಂಗಳೂರಿನಲ್ಲಿರುವ ಸೋದರಳಿಯ, ‘ಮಾವ, ಇದಕ್ಕೆ ಪೈಥಾನ್ ಪ್ರೋಗ್ರಾಮಿಂಗ್ ಕಲಿಯಬೇಕು, ಸೆಡ್ ಹಿಡಿದುಕೊಂಡು ಕುಳಿತರೆ ಮುದುಕರಾಗುತ್ತೀರಿ’ ಎಂದ. ಕೆಲಸ ಕೊಟ್ಟ ಯಕ್ಷಗಾನ ಸಂಘದವರಿಗೆ ಸೆಡ್ ಎಂದರೇನೆಂದೇ ತಿಳಿಯದು, ಆದರೂ ಅನುಮಾನ ಅವರದೇ ಹೆಚ್ಚು. ಈಗ ಸುಮಾರು ಎರಡೂವರೆ ಸಾವಿರ ಪುಟ ಕೈಗೆ ಬಂದಿದೆ. ಪೈಥಾನನ್ನು ನಾನು ಇನ್ನೂ ಕಲಿತಿಲ್ಲ.

ನನ್ನದು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆಯ ಪುಟ್ಟ ಡಿಟಿಪಿ ಅಂಗಡಿ. ಸಂಘದ ಕಪಾಟಿನಲ್ಲಿದ್ದದ್ದು ಇಪ್ಪತ್ತು ವರ್ಷಗಳ ಪ್ರಸಂಗಗಳು, ಸ್ಮರಣ ಸಂಚಿಕೆಗಳು, ಬ್ರಹ್ಮಕಲಶದ ಆಮಂತ್ರಣಗಳು. ಅರ್ಧ ಸಿಡಿಗಳಿಗೆ ಬೂಸಲು ಹಿಡಿದಿತ್ತು. ಮರಳಿ ಟೈಪ್ ಮಾಡಿಸಲು ಒಂದು ಕಡೆ ಪುಟಕ್ಕೆ ಮೂವತ್ತು ರೂಪಾಯಿ ಕೇಳಿದ್ದರಂತೆ. ಕರಡು ತಿದ್ದುವುದು ಬೇರೆ. ಎಪ್ಪತ್ತೈದು ಸಾವಿರ ಎಂದೊಡನೆ ಖಜಾಂಚಿಯವರು ಕಡತ ಮುಚ್ಚಿದ್ದರು. ನಾನು ಹದಿನೆಂಟು ಸಾವಿರ ಹೇಳಿದೆ, ಚೌಕಾಶಿಯಲ್ಲಿ ಹದಿನೈದು ಸಾವಿರಕ್ಕೆ ಇಳಿದೆ.

ಗಡಿಯ ಈಚೆಗೆ ಲಿನಕ್ಸ್ ಹೊಸತಲ್ಲ. ಐಟಿ ಅಟ್ ಸ್ಕೂಲ್ ಎಂಬ ಸರ್ಕಾರಿ ಯೋಜನೆಯ ಕಾಲದಿಂದಲೇ ಕೇರಳದ ಶಾಲೆಗಳಲ್ಲಿ ಅದರದೇ ಪಾಠ. ಮಗಳ ಹೈಸ್ಕೂಲಿನ ಐಟಿ ಪುಸ್ತಕದ ನೆವದಲ್ಲಿ ನನಗೂ ರೂಢಿಯಾಯಿತು. ಒಂಬತ್ತು ಸಾವಿರಕ್ಕೆ ಸಿಕ್ಕ ಹಳೆಯ ಲ್ಯಾಪ್‌ಟಾಪ್ ಒಂದೇ ಬಂಡವಾಳ.

ನುಡಿ ಕಡತದ ಒಳಗೆ ಕನ್ನಡವಿಲ್ಲ, ಫಾಂಟು ಕನ್ನಡದಂತೆ ತೋರಿಸುವ ಸಂಕೇತ ಸಂಖ್ಯೆಗಳಷ್ಟೇ ಇವೆ. ‘ಕನ್ನಡ’ ಎಂಬ ಪದವನ್ನೇ ಬಿಚ್ಚಿ ನೋಡಿದರೆ ಏಳು ಸಂಕೇತಗಳು: 80, 192, 163, 192, 223, 113, 192. ನಡುವಿನ 163 ಇಂಗ್ಲೆಂಡಿನ ಪೌಂಡ್ ಚಿಹ್ನೆ. ಮತ್ತೆ ಮತ್ತೆ ಬರುವ 192 ನಮ್ಮ ತಲೆಕಟ್ಟು. ಅಚ್ಚಿನ ಮೊಳೆ ಜೋಡಿಸಿದಂತೆ ಕಣ್ಣಿಗೆ ಕಾಣುವ ತುಂಡುಗಳನ್ನು ಸಾಲಾಗಿ ಇಟ್ಟಿದ್ದಾರೆ, ಅಷ್ಟೇ.

ಮೊದಲು ಹಿಡಿದ ದಾರಿ ಬೈಟ್‌ಗಳನ್ನೇ, ಅಂದರೆ ಕಡತದೊಳಗಿನ ಆ ಸಂಖ್ಯೆಗಳನ್ನೇ, ನೇರವಾಗಿ ಬದಲಿಸುವುದು. ಅಕ್ಷರದ ಬದಲು ಬೈಟನ್ನೇ ನೋಡಲಿ ಎಂದು ಎಲ್‌ಸಿ ಆಲ್ ಎಂಬ ಭಾಷೆಯ ಹೊಂದಾಣಿಕೆಯನ್ನು ಸಿ ಎಂದು ಇಟ್ಟು, ಸೆಡ್‌ಗೆ ಹೆಕ್ಸ್ (ಹದಿನಾರರ ಲೆಕ್ಕದ) ಸಂಖ್ಯೆಗಳನ್ನು ಕೊಟ್ಟು ಓಡಿಸಿದೆ. ಪುಟದ ತುಂಬ ‘ಶಿ ಶಿ ಶಿ’! ಕಾರಣ ಹೊಳೆಯಲು ಒಂದು ರಾತ್ರಿ ಹಿಡಿಯಿತು. ಯೂನಿಕೋಡಿನ ‘ಕ’ ಕಡತದಲ್ಲಿ ಬರೆದಿಡುವ ಯುಟಿಎಫ್ 8 ಎಂಬ ಕ್ರಮದಲ್ಲಿ ಮೂರು ಬೈಟ್: 224, 178, 149. ಅಕಾರದಿಂದ ಹಕಾರದವರೆಗೆ ಎಲ್ಲದರ ನಡುವೆಯೂ ಆ 178 ಕುಳಿತಿರುತ್ತದೆ. ನುಡಿಯಲ್ಲಿ 178 ಎಂದರೆ ‘ಶಿ’. ಮೊದಲ ನಿಯಮ ಹಾಕಿದ ಅಕ್ಷರವನ್ನು ಮುಂದಿನ ನಿಯಮ ಮತ್ತೆ ಹಳೆಯ ಸಂಕೇತವೆಂದೇ ತಿಳಿದು ತಿನ್ನುತ್ತಿತ್ತು.

ಹಾಗಾಗಿ ಮೊದಲು ಕಡತವನ್ನು ಒಂದು ಸಂಕೇತಪಟ್ಟಿಯಿಂದ ಯುಟಿಎಫ್ 8ಕ್ಕೆ ದಾಟಿಸುವ ಐಕಾನ್ವ್ ಆದೇಶ ಓಡಿಸಿಯೇ ಮುಂದುವರಿಯಬೇಕು; ಆಗ ಹಳೆಯ 178 ಬೇರೆ, ಹೊಸ ಅಕ್ಷರದೊಳಗಿನ 178 ಬೇರೆ ಆಗುತ್ತದೆ. ಮೂಲದ ಪಟ್ಟಿ ವಿಂಡೋಸ್ 1252 ಎಂದೇ ಎಲ್ಲರೂ ಹೇಳಿಕೊಡುತ್ತಾರೆ. ಆ ಪಟ್ಟಿಯಲ್ಲಿ 129, 141, 143, 144, 157 ಈ ಐದು ಮನೆಗಳು ಖಾಲಿ. ಅಲ್ಲಿ ಕಾಲಿಟ್ಟರೆ ಐಕಾನ್ವ್ ಅರ್ಧದಲ್ಲೇ ನಿಂತುಬಿಡುತ್ತದೆ. ಸಿ ಆಯ್ಕೆ ಹಾಕಿದರೆ ನಿಲ್ಲುವುದಿಲ್ಲ, ಆದರೆ ಆ ಬೈಟನ್ನು ಸದ್ದಿಲ್ಲದೆ ಬಿಸಾಡುತ್ತದೆ. ನಾನು ಐಎಸ್‌ಒ 8859-1 ಎಂಬ ಇನ್ನೊಂದು ಪಟ್ಟಿಯನ್ನು ಕೊಟ್ಟೆ. ಅದರಲ್ಲಿ 256 ಮನೆಗಳೂ ಭರ್ತಿ, ಯಾವ ಬೈಟೂ ಕಳೆದುಹೋಗದು. ಜೊತೆಗೆ ಟಿಆರ್ ಆದೇಶದಿಂದ ವಿಂಡೋಸ್ ಸಾಲಿನ ಕೊನೆಯ ಹೆಚ್ಚುವರಿ ಚಿಹ್ನೆಯನ್ನು ತೆಗೆದುಬಿಡಿ. ಅದಿದ್ದರೆ ಸಾಲಿನ ಅಂತ್ಯವನ್ನು ಸೂಚಿಸುವ ಸೆಡ್‌ನ ಡಾಲರ್ ಗುರುತು ಕೈಕೊಡುತ್ತದೆ.

ನಿಯಮಗಳ ಸರದಿಯಲ್ಲೇ ಇರುವುದು ಕೈಚಳಕ. ನುಡಿಯಲ್ಲಿ ‘ವ’ ಎಂದರೆ 170, 192. ಅದಕ್ಕೆ 196ರ ಕೊಂಬು ಸೇರಿದರೆ ‘ವು’ ಆಗುವುದಿಲ್ಲ, ‘ಮ’ ಆಗುತ್ತದೆ. ‘ವು’ ಬೇಕಾದರೆ 197ರ ಬೇರೆ ಕೊಂಬು. ಇನ್ನು ‘ಯ’ ನಾಲ್ಕು ತುಂಡು: 65, 105, 192, 196. ಆ 65 ಒಂಟಿಯಾಗಿ ನಿಂತರೆ ಅನುಸ್ವಾರದ ಸೊನ್ನೆ. ಸೊನ್ನೆಯ ನಿಯಮ ಮೊದಲು ಓಡಿದರೆ ಊರಿನ ಯಕಾರಗಳೆಲ್ಲ ಕೆಟ್ಟವು; ಯಕ್ಷಗಾನದ ಕೆಲಸದಲ್ಲಿ ಯಕಾರವೇ ಕೆಟ್ಟರೆ ಹಣ ಯಾರು ಕೊಡುತ್ತಾರೆ? ಉದ್ದದ ನಿಯಮ ಮೇಲೆ, ಗಿಡ್ಡದ್ದು ಕೆಳಗೆ. ಕೈಯಿಂದ ಜೋಡಿಸಬೇಡಿ. ಆಕ್ ಎಂಬ ಆದೇಶದಿಂದ ಪ್ರತಿ ನಿಯಮದ ಎಡಭಾಗದ (ಹಳೆಯ ಸಂಕೇತಗಳ) ಉದ್ದ ಅಳೆದು, ಸಾಲುಗಳನ್ನು ಕ್ರಮವಾಗಿ ಜೋಡಿಸುವ ಸಾರ್ಟ್‌ಗೆ ಕೊಟ್ಟು ತಲೆಕೆಳಗು ಮಾಡಿದರೆ ಸೆಡ್ ಕಡತ ತಾನಾಗಿ ಸಿದ್ಧವಾಗುತ್ತದೆ. ನನ್ನದರಲ್ಲಿ ನಾನೂರರ ಆಸುಪಾಸು ನಿಯಮಗಳಿವೆ.

ಆಮೇಲೆ ಒತ್ತಕ್ಷರದ ಕಾಟ. ‘ಶಕ್ತಿ’ಯಲ್ಲಿ ಕಣ್ಣಿಗೆ ಕಾಣುವುದು ‘ಕಿ’, ಅದರ ಕೆಳಗೆ ತಕಾರದ ಒತ್ತು. ಯೂನಿಕೋಡಿಗೆ ಗುಡಿಸು ಕೊನೆಗೆ ಬರಬೇಕು. ಸ್ವರಚಿಹ್ನೆ ಮತ್ತು ಒತ್ತನ್ನು ಅದಲುಬದಲು ಮಾಡುವ ಒಂದು ಸಾಲು ಬರೆದರೆ ‘ಶಕ್ತಿ’ ಸರಿಯಾಗುತ್ತದೆ, ‘ಶಾಸ್ತ್ರಿ’ ಸರಿಯಾಗುವುದಿಲ್ಲ, ಏಕೆಂದರೆ ಅಲ್ಲಿ ಎರಡು ಒತ್ತುಗಳಿವೆ. ನಮ್ಮ ಕಡೆಯ ಯಾವ ಆಮಂತ್ರಣದಲ್ಲಿ ಶಾಸ್ತ್ರಿಗಳಿಲ್ಲ ಹೇಳಿ! ಆ ನಿಯಮದ ಸಾಲಿನ ತಲೆಗೆ ಲೇಬಲ್ (ಗುರುತಿನ ಹೆಸರು) ಇಟ್ಟು, ಬದಲಾವಣೆ ಆದಷ್ಟು ಸಲ ಸೆಡ್‌ನ ಟಿ ಆದೇಶದಿಂದ ಅಲ್ಲಿಗೇ ಹಿಂದಕ್ಕೆ ಹಾರಿಸಿದೆ. ಎಷ್ಟು ಒತ್ತುಗಳಿದ್ದರೂ ಈಗ ಚಿಂತೆಯಿಲ್ಲ.

ಅರ್ಕಾವತ್ತು ಇನ್ನೂ ಹಟಮಾರಿ. ನುಡಿಯಲ್ಲಿ ಅದು 240, ಅಕ್ಷರದ ನಂತರ ಬರುತ್ತದೆ. ಯೂನಿಕೋಡಿನಲ್ಲಿ ರಕಾರ ಇಡೀ ಗುಂಪಿನ ಮುಂದೆ ಬರಬೇಕು. ‘ಧರ್ಮ’ ಸುಲಭ. ಅರ್ಕಾವತ್ತಿನ ಜೊತೆ ಒತ್ತೂ ದೀರ್ಘವೂ ಕೂಡಿದ ಕಡೆ ಯಾವುದು ಮೊದಲು, ಯಾವುದು ಕೊನೆಗೆ ಎಂಬ ಕ್ರಮವನ್ನು ಮಾತ್ರ ನಾನು ಇಲ್ಲಿ ಬರೆಯುವುದಿಲ್ಲ. ಹೊಟ್ಟೆಪಾಡು. ಒಂದು ಸುಳಿವು: ಚೌಕ ಆವರಣದಲ್ಲಿ ಕನ್ನಡ ಅಕ್ಷರಗಳನ್ನು ಇಂಥದ್ದರಿಂದ ಇಂಥದ್ದರವರೆಗೆ ಎಂದು ಕೊಡಬೇಡಿ, ಒಂದೊಂದನ್ನೇ ಬಿಡಿಯಾಗಿ ಬರೆಯಿರಿ. ಲೊಕೇಲ್ (ಗಣಕದ ಭಾಷೆಯ ಹೊಂದಾಣಿಕೆ) ಬದಲಾದರೆ ಆ ಸರಣಿಯ ಅರ್ಥವೇ ಬದಲಾಗುತ್ತದೆ.

ಕರ್ನಾಟಕದವರಿಗಿಲ್ಲದ ತಲೆನೋವು ಕಾಸರಗೋಡಿನವರಿಗಿದೆ. ಒಂದೇ ಆಮಂತ್ರಣದಲ್ಲಿ ಮೇಲರ್ಧ ಕನ್ನಡ, ಕೆಳಗೆ ಮಲಯಾಳ. ಅದು ಎಂಎಲ್ ಟಿಟಿ ಎಂಬ ಮಲಯಾಳ ಫಾಂಟಿನ ಅಕ್ಷರ, ಸಂಕೇತ ಸಂಖ್ಯೆಗಳು ಮಾತ್ರ ಇವೇ. ಪೇಜ್‌ಮೇಕರ್‌ನಿಂದ ಬರಿಯ ಪಠ್ಯವನ್ನು ಹೊರತೆಗೆದಾಗ ಫಾಂಟಿನ ಹೆಸರು ಹೋಯಿತು, ಮಲಯಾಳ ಸಾಲುಗಳೆಲ್ಲ ಯಾವ ಭಾಷೆಯೂ ಅಲ್ಲದ ಕನ್ನಡವಾದವು. ಆಗ ನೆರವಾದದ್ದು 192. ಕನ್ನಡದಲ್ಲಿ ಅದು ತಲೆಕಟ್ಟು, ಹೆಚ್ಚುಕಡಿಮೆ ಪ್ರತಿ ಪದದಲ್ಲೂ ಇರುತ್ತದೆ. ಆ ಮಲಯಾಳ ಅಕ್ಷರದಲ್ಲಿ ಅದೇ ಸಂಕೇತ ಚಿಲ್ಲು ರಕಾರ (ಸ್ವರವಿಲ್ಲದ ‘ರ್’), ಅಲ್ಲೊಂದು ಇಲ್ಲೊಂದು ಮಾತ್ರ. ಆಕ್‌ನಿಂದ ಸಾಲಿಗೆಷ್ಟು ಪದ, ಎಷ್ಟು 192 ಎಂದು ಎಣಿಸಿ, ಅನುಪಾತ ಕಡಿಮೆಯಿದ್ದ ಸಾಲುಗಳನ್ನು ಬೇರೆ ಕಡತಕ್ಕೆ ತಳ್ಳಿದೆ. ಎಷ್ಟು ಕಡಿಮೆ ಎಂಬುದು ನಿಮ್ಮ ಕಡತ ನೋಡಿಯೇ ಗೊತ್ತಾಗಬೇಕು. ಎರಡು ಪದಗಳ ಸಾಲುಗಳು ಆಗೀಗ ಎಡವುತ್ತವೆ. ನೂರಕ್ಕೆ ಮೂರೋ ನಾಲ್ಕೋ ಇದ್ದೀತು, ಕೈಯಲ್ಲಿ ತಿದ್ದಿದೆ. ಇಂಗ್ಲಿಷ್ ಮಿಂಚಂಚೆ ವಿಳಾಸಗಳನ್ನು ಕಾಪಾಡುವ ಉಪಾಯ ಇನ್ನೊಂದಿದೆ, ಅದೂ ನನ್ನ ಬಳಿಯೇ ಇರಲಿ.

ಕಡತದ ಹೆಸರುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ‘ಫೈನಲ್ ಹೊಸತು 2 ಸರಿಯಾದದ್ದು’ ಎಂಬಂಥ ಹೆಸರುಗಳಿದ್ದಲ್ಲಿ ಸಾದಾ ಫಾರ್ ಸುತ್ತು ಪ್ರತಿ ಖಾಲಿ ಜಾಗದಲ್ಲೂ ಮುರಿಯುತ್ತದೆ. ಕಡತ ಹುಡುಕುವ ಫೈಂಡ್‌ಗೆ ‘ಪ್ರಿಂಟ್ ಸೊನ್ನೆ’ ಆಯ್ಕೆ, ಆ ಹೆಸರುಗಳನ್ನು ಮುಂದಿನ ಆದೇಶಕ್ಕೆ ದಾಟಿಸುವ ಎಕ್ಸ್ಆರ್ಗ್ಸ್‌ಗೆ ‘ಸೊನ್ನೆ’ ಆಯ್ಕೆ, ಮುಗಿಯಿತು.

ತಪಾಸಣೆಗೆ ಕರಡು ತಿದ್ದುವವರನ್ನು ಇಟ್ಟುಕೊಳ್ಳುವ ಶಕ್ತಿ ನನಗಿಲ್ಲ, ಪಠ್ಯದಲ್ಲಿ ಹುಡುಕುವ ಗ್ರೆಪ್ ಆದೇಶವೇ ಆ ಕೆಲಸಕ್ಕೆ. 128ರಿಂದ 255ರೊಳಗಿನ ಚಿಹ್ನೆ ಎಲ್ಲಾದರೂ ಉಳಿದಿದೆಯೇ? ಎರಡು ಸ್ವರಚಿಹ್ನೆಗಳು ಒಂದರ ಹಿಂದೆ ಒಂದು ಬಂದಿವೆಯೇ? ಪದವೊಂದು ಒತ್ತಿನಿಂದಲೇ ಶುರುವಾಗಿದೆಯೇ? ಬಳಿಕ ಎಲ್ಲ ಪದಗಳನ್ನೂ ಸಾಲಿಗೊಂದರಂತೆ ಒಡೆದು ಸಾರ್ಟ್, ಯೂನಿಕ್ (ಒಂದೇ ಪದ ಎಷ್ಟು ಸಲ ಬಂದಿದೆಯೆಂಬ ಎಣಿಕೆ) ಮಾಡಿ, ಒಂದೇ ಒಂದು ಸಲ ಬಂದವುಗಳ ಮೇಲೆ ಕಣ್ಣಾಡಿಸಿದೆ. ತಪ್ಪುಗಳು ಬಹುಪಾಲು ಅಲ್ಲೇ ಅಡಗಿರುತ್ತವೆ. ಬೈಟ್ ಕ್ರಮದ ಸಾರ್ಟ್‌ನಲ್ಲಿ ಳಕಾರ ಹಕಾರದ ನಂತರ ಬಾರದೆ ಲಕಾರದ ಪಕ್ಕದಲ್ಲೇ ಬರುತ್ತದೆ. ಯೂನಿಕೋಡಿನ ಮನೆ ಹಂಚಿಕೆ ಹಾಗಿದೆ. ಪದಸೂಚಿ ಮಾಡುವವರು ಇದನ್ನು ಗಮನಿಸಿ.

ಪಟ್ಟಿ ಕೈಯಲ್ಲಿದ್ದ ಮೇಲೆ ಸುಮ್ಮನಿರುವುದು ಹೇಗೆ? ಪ್ರಸಂಗಗಳಲ್ಲಿ ಪದ್ಯದ ತಲೆಗೆ ರಾಗ, ತಾಳ ಬರೆದಿರುತ್ತಾರಲ್ಲ, ಆ ಸಾಲುಗಳನ್ನಷ್ಟೇ ಆರಿಸಿ ತಾಳಗಳನ್ನು ಎಣಿಸಿದೆ. ಏಕತಾಳ, ಝಂಪೆ, ಅಷ್ಟತಾಳ, ತ್ರಿವುಡೆ, ರೂಪಕ ಎಲ್ಲ ಲೆಕ್ಕಕ್ಕೆ ಬಂದವು. ಝಂಪೆಯನ್ನು ನಾಲ್ಕು ಬಗೆಯಾಗಿ ಬರೆದವರಿದ್ದಾರೆ, ಆದ್ದರಿಂದ ಮೊದಲ ಲೆಕ್ಕ ಹಾದಿ ತಪ್ಪಿತು. ಕಾಗುಣಿತ ಒಂದು ಮಾಡಿದ ಮೇಲೆ ಅದು ಮೇಲಕ್ಕೇರಿತು. ಸಂಘದ ಭಾಗವತರು ಆ ಪಟ್ಟಿಯನ್ನು ಮಡಚಿ ಕಿಸೆಗೆ ಹಾಕಿಕೊಂಡರು. ಹದಿನೈದು ಸಾವಿರದ ಕೆಲಸಕ್ಕಿಂತ ಅವರಿಗೆ ಅದೇ ಹಿಡಿಸಿತು.

ಹಣದ ಲೆಕ್ಕ ಇಷ್ಟು: ಪೇಜ್‌ಮೇಕರ್ ಕಡತಗಳನ್ನು ಒಂದೊಂದೇ ತೆರೆದು ಪಠ್ಯವಾಗಿ ಉಳಿಸಿಕೊಟ್ಟ ಹುಡುಗನಿಗೆ ನಾಲ್ಕು ಸಾವಿರ, ಇನ್ವರ್ಟರ್ ಬ್ಯಾಟರಿಯ ರಿಪೇರಿಗೆ ಒಂದು ಸಾವಿರದಷ್ಟು. ಉಳಿದದ್ದು ನನಗೆ. ಮುಂದಿನ ಸಲ ನಿಯಮಗಳ ಕಡತ ಸಿದ್ಧವಿರುವುದರಿಂದ ಖರ್ಚು ಇನ್ನೂ ಇಳಿಯುತ್ತದೆ. ಬೇರ್ಪಡಿಸಿಟ್ಟ ಮಲಯಾಳ ಸಾಲುಗಳು ಹಾಗೆಯೇ ಇವೆ. ಅದರಲ್ಲಿ ಎಕಾರದ ಚಿಹ್ನೆ ಅಕ್ಷರದ ಮುಂದೆಯೇ ನಿಲ್ಲುವುದರಿಂದ ಅದಲುಬದಲಿನ ಸಾಲನ್ನು ಮತ್ತೆ ಬರೆಯಬೇಕು. ಸದ್ಯ ನನ್ನ ದರ ಪುಟಕ್ಕೆ ಆರು ರೂಪಾಯಿ. ಪಠ್ಯ ತೆಗೆಯದೆ ಪೇಜ್‌ಮೇಕರ್ ಕಡತವನ್ನೇ ತಂದು ಮೇಜಿನ ಮೇಲಿಟ್ಟರೆ ಎಂಟು.