ಸಂತ ಪೋಲಿಕಾರ್ಪರ ಸ್ಮರಣೆಯನ್ನು ಮನೆಯಲ್ಲಿ ನಡೆಸುವ ಬಗೆ

ಫೆಬ್ರವರಿ 23 ಸ್ಮಿರ್ನದ ಧರ್ಮಾಧ್ಯಕ್ಷರೂ ರಕ್ತಸಾಕ್ಷಿಯೂ (ವಿಶ್ವಾಸಕ್ಕಾಗಿ ಪ್ರಾಣ ಕೊಟ್ಟವರು) ಆದ ಸಂತ ಪೋಲಿಕಾರ್ಪರ ಸ್ಮರಣೆಯ ದಿನ. ಹರಿಹರದ ಆರೋಗ್ಯ ಮಾತೆಯ ಹಬ್ಬದಂತೆ ಇದಕ್ಕೆ ಜನಸಾಗರ ಬೇಕಿಲ್ಲ. ದಾವಣಗೆರೆಯ ಯಾವುದೇ ಮನೆಯ ಪಡಸಾಲೆಯಲ್ಲಿ ನಾಲ್ಕಾರು ಕುಟುಂಬಗಳು ಸೇರಿ ಇದನ್ನು ಅರ್ಥಪೂರ್ಣವಾಗಿ ನಡೆಸಬಹುದು.

ಮೊದಲು ಆ ವರ್ಷದ ದೈವಾರಾಧನಾ ಪಂಚಾಂಗವನ್ನು, ಎಂದರೆ ಧರ್ಮಸಭೆಯ ಹಬ್ಬಗಳ ಪಟ್ಟಿಯನ್ನು ನೋಡಿಕೊಳ್ಳಿ. ಈಸ್ಟರಿಗೆ ಮುಂಚಿನ ಉಪವಾಸ, ಪ್ರಾರ್ಥನೆಗಳ ತಪಸ್ಸುಕಾಲವನ್ನು ಆರಂಭಿಸುವ ವಿಭೂತಿ ಬುಧವಾರ ಅಷ್ಟರಲ್ಲಿ ಕಳೆದಿದ್ದರೆ ಚರ್ಚಿನ ಬಲಿಪೂಜೆಯಲ್ಲಿ ತಪಸ್ಸುಕಾಲದ ವಾಚನಗಳೇ ಇರುತ್ತವೆ, ಸಂತರ ಪ್ರಾರ್ಥನೆಯನ್ನಷ್ಟೇ ಸೇರಿಸಲು ಅವಕಾಶವಿರುತ್ತದೆ. ಆದ್ದರಿಂದ ಗುರುಗಳೊಡನೆ ಮುಂಚಿತವಾಗಿ ಮಾತನಾಡಿ, ಮನೆಯ ಕೂಟವನ್ನು ಸಂಜೆಗೆ ಇಟ್ಟುಕೊಳ್ಳುವುದು ಒಳ್ಳೆಯದು.

ಕೂಟದ ಜೀವಾಳ ವಾಚನ. ಸುಮಾರು 155ರಲ್ಲಿ, ಇಂದು ಟರ್ಕಿಯ ಇಜ್ಮಿರ್ ಆಗಿರುವ ಊರಿನಲ್ಲಿ ಪೋಲಿಕಾರ್ಪರು ಪ್ರಾಣ ಕೊಟ್ಟ ಬಳಿಕ, ಸ್ಮಿರ್ನದ ಸಭೆ ಫಿಲೋಮೆಲಿಯ ಎಂಬ ಇನ್ನೊಂದು ಊರಿನ ಸಭೆಗೆ ಪತ್ರ ಬರೆದು ನಡೆದದ್ದನ್ನೆಲ್ಲ ತಿಳಿಸಿತು. ಕೂಟದಲ್ಲಿ ಓದಬೇಕಾದದ್ದು ಆ ಪತ್ರವನ್ನೇ. ರತ್ನಗಳಿಗಿಂತ ಅಮೂಲ್ಯವಾದ ಅವರ ಎಲುಬುಗಳನ್ನು ಆಯ್ದು ಇರಿಸಿದೆವು, ಅವರ ಸಾಕ್ಷಿಮರಣದ ದಿನವನ್ನು ಜನ್ಮದಿನವೆಂದು ಕೂಡಿ ಆಚರಿಸುವೆವು ಎಂದು ಅದರಲ್ಲಿದೆ. ರಕ್ತಸಾಕ್ಷಿಗಳ ವಾರ್ಷಿಕ ಸ್ಮರಣೆಗೆ ನಮಗೆ ಸಿಗುವ ಅತಿ ಹಳೆಯ ಆಧಾರಗಳಲ್ಲಿ ಇದೂ ಒಂದು. ನಿಮ್ಮ ಪಡಸಾಲೆಯ ಕೂಟ ಆ ಸಂಕಲ್ಪದ ಮುಂದುವರಿಕೆಯೇ.

ಪೋಲಿಕಾರ್ಪರನ್ನು ಸುಡಲು ಹಚ್ಚಿದ ಬೆಂಕಿ ಹಾಯಿಯಂತೆ ಉಬ್ಬಿ ಅವರನ್ನು ಸುತ್ತುವರಿದ ಅದ್ಭುತದಿಂದ ವಾಚನವನ್ನು ಆರಂಭಿಸಬೇಡಿ. ಮುನ್ನುಗ್ಗಿ ತನ್ನನ್ನು ಒಪ್ಪಿಸಿಕೊಂಡು, ಕ್ರೈಸ್ತರ ಮೇಲೆ ಬಿಡುವ ಮೃಗಗಳನ್ನು ಕಂಡೊಡನೆ ಎದೆಗುಂದಿದ ಕ್ವಿಂಟಸ್ ಎಂಬ ಕ್ರೈಸ್ತನ ಪ್ರಸಂಗವನ್ನು ಮೊದಲು ಓದಿ, ಬಳಿಕ ಸ್ನೇಹಿತರ ಮಾತಿಗೆ ಮಣಿದು ಹಳ್ಳಿಯ ತೋಟದ ಮನೆಗೆ ಸರಿದ ಪೋಲಿಕಾರ್ಪರತ್ತ ಬನ್ನಿ. ಸಾವನ್ನು ಅರಸಿ ಹೋಗದೆ, ಅದು ಬಾಗಿಲಿಗೆ ಬಂದಾಗ ಓಡದೆ ನಿಂತದ್ದೇ ಅವರ ಹಿರಿಮೆ. ಮಕ್ಕಳಿಗೆ ಇದು ತಿಳಿಯಲೇಬೇಕು ಎಂಬುದು ನನ್ನ ದೃಢವಾದ ನಂಬಿಕೆ.

ವಿಚಾರಣೆಯ ಭಾಗದಲ್ಲಿ, ಕ್ರಿಸ್ತರನ್ನು ದೂಷಿಸೆಂದು ಒತ್ತಾಯಿಸುವ ರೋಮಿನ ಪ್ರಾಂತಾಧಿಪತಿಯ ಮಾತುಗಳನ್ನು ಒಬ್ಬರಿಗೂ ಪೋಲಿಕಾರ್ಪರ ಮಾತುಗಳನ್ನು ಕೂಟದ ಅತಿ ಹಿರಿಯರಿಗೂ ಕೊಡಿ. "ಎಂಬತ್ತಾರು ವರ್ಷ ಅವರ ಸೇವೆ ಮಾಡಿದ್ದೇನೆ, ಅವರು ನನಗೆ ಯಾವ ಕೇಡನ್ನೂ ಮಾಡಿಲ್ಲ, ನನ್ನನ್ನು ಉದ್ಧರಿಸಿದ ಅರಸರನ್ನು ನಾನು ಹೇಗೆ ದೂಷಿಸಲಿ?" ಎಂಬ ಮಾತು ವಯಸ್ಸಾದ ಕಂಠದಲ್ಲಿ ಬರಬೇಕು, ನಾಟಕದ ಧಾಟಿಯಲ್ಲಿ ಅಲ್ಲ. ಕ್ರೈಸ್ತರನ್ನು ಅಲ್ಲಿ ನಾಸ್ತಿಕರೆಂದು ಕರೆಯುವುದೇಕೆಂದು ಯಾರಾದರೂ ಕೇಳಿದರೆ, ರೋಮಿನ ದೇವರುಗಳನ್ನು ಅವರು ಪೂಜಿಸುತ್ತಿರಲಿಲ್ಲವೆಂಬುದನ್ನು ವಿವರಿಸಿ.

ಒಂದು ಎಚ್ಚರಿಕೆ ಅಗತ್ಯ. ಸೌದೆ ತರಲು ಊರಿನ ಯೆಹೂದ್ಯರು ಮುಂದಾದರೆಂದು ಪತ್ರ ಹೇಳುತ್ತದೆ. ಆ ಸಾಲುಗಳನ್ನು ಹಿಡಿದು ಒಂದು ಇಡೀ ಜನಾಂಗವನ್ನು ದೂರುವುದು ಪಾಪ. ಅವನ್ನು ಓದುವುದಾದರೆ ಹಿರಿಯರು ಇದನ್ನು ಬಾಯಿಬಿಟ್ಟು ಹೇಳಬೇಕು.

ವಾಚನದ ಬಳಿಕ ಪ್ರಕಟನಾ ಗ್ರಂಥದ ಎರಡನೆಯ ಅಧ್ಯಾಯದಿಂದ ಸ್ಮಿರ್ನ ಸಭೆಗೆ ಬರೆದ ಸಂದೇಶವನ್ನು ಓದಿ. ಕೋರಿಕೆಗಳನ್ನು ಪೋಲಿಕಾರ್ಪರು ಫಿಲಿಪ್ಪಿಯವರಿಗೆ ಬರೆದ ಪತ್ರದಿಂದಲೇ ಆಯ್ದುಕೊಳ್ಳಬಹುದು: ಆಳುವವರಿಗಾಗಿ, ಹಿಂಸಿಸುವವರಿಗಾಗಿ ಪ್ರಾರ್ಥಿಸಿರಿ, ವಿಧವೆಯರನ್ನೂ ಅನಾಥರನ್ನೂ ಬಡವರನ್ನೂ ಕಡೆಗಣಿಸಬೇಡಿರಿ ಎಂದು ಅವರೇ ಅಲ್ಲಿ ಹೇಳಿದ್ದಾರೆ.

ಊಟ ಸರಳವಾಗಿರಲಿ, ತಪಸ್ಸುಕಾಲದ ಶುಕ್ರವಾರವಾದರೆ ಮಾಂಸ ಬೇಡ, ಮಂಡಕ್ಕಿ, ಚಹಾ ಸಾಕು. ಆದರೆ ಊಟವನ್ನೇ ಬಿಟ್ಟುಬಿಡಬೇಡಿ. ತಮ್ಮನ್ನು ಹಿಡಿಯಲು ಬಂದವರಿಗೆ ಪೋಲಿಕಾರ್ಪರು ಬೇಕಾದಷ್ಟು ಉಣಬಡಿಸಲು ಹೇಳಿ, ಪ್ರಾರ್ಥನೆಗೆ ಒಂದು ಗಂಟೆ ಕೇಳಿ ಪಡೆದು, ಎರಡು ಗಂಟೆ ನಿಂತು ಪ್ರಾರ್ಥಿಸಿದರು. ಹಾಗಾಗಿ ಪಕ್ಕದ ಮನೆಯವರು ಯಾವ ಧರ್ಮದವರೇ ಆಗಿರಲಿ, ಹಿಂದಿನ ದಿನವೇ ಹೋಗಿ ಕರೆದು ಬನ್ನಿ.